ಟನ್ನಿಗೆ ಎಷ್ಟು ಪರ್ಷಿಯನ್?

ನಮ್ಮ ಮಾಮನಿಗೆ ಬೆಕ್ಕುಗಳನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದಿನದನ್ನೆಲ್ಲ ಓದಿ ನೀವು ಬೇರೇನೋ ತಿಳಿದುಕೊಳ್ಳುವ ಸಾಧ್ಯತೆ ಇದೆ. ಇಪ್ಪತ್ತು ವರ್ಷಗಳ ಕಾಲ ಚಿನ್ನದ ಗಣಿಯ ಊರಾದ ಉರಿಗಾಮಿನ ಅವನ ಕ್ವಾರ್ಟರ್ಸಿನಲ್ಲಿ ಬೆಕ್ಕು ಮಲಗಿರದ ಕುರ್ಚಿ ಎಂಬುದೇ ಇರಲಿಲ್ಲ. ಬಂದ ನೆಂಟರು ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದರು. ಆದರೂ ಯಾರಾದರೂ "ಏನ್ ಸಾರ್, ಬೆಕ್ಕು ಅಂದ್ರೆ ಅಷ್ಟು ಪ್ರಾಣಾನಾ?" ಎಂದು ಕೇಳಿದರೆ ಮಾಮ ಮುಖವನ್ನು ಪಕ್ಕಕ್ಕೆ ತಿರುಗಿಸಿ, "ಥೂ, ನಂಗ್ಯಾಕಯ್ಯಾ ಬೆಕ್ಕು? ಇವು ನಮ್ಮವಲ್ಲ. ದೊರೆಸಾನೀವು" ಎನ್ನುತ್ತಿದ್ದ.

ಮುಖವನ್ನು ಏಕೆ ಪಕ್ಕಕ್ಕೆ ತಿರುಗಿಸಬೇಕು ಎಂದು ನೀವು ಕೇಳಬಹುದು. ಅದು ಅವನ ಕೆಲಸ ಅಂಟಿಸಿದ ಗುಣ. ಮಾಮ ಇದ್ದದ್ದು ಗಣಿಯ ಅಸ್ಸೇ ಆಫೀಸಿನಲ್ಲಿ. ಕೆಳಗಿನಿಂದ ಬಂದ ಕಲ್ಲನ್ನು ಪುಡಿ ಮಾಡಿ, ಕುಲುಮೆಯಲ್ಲಿ ಕರಗಿಸಿ, ಟನ್ನಿಗೆ ಎಷ್ಟು ಗ್ರಾಂ ಚಿನ್ನ ಸಿಕ್ಕೀತು ಎಂದು ಹೇಳುವ ಜಾಗ ಅದು. ಅಷ್ಟೆಲ್ಲ ರಂಪ ಮಾಡಿದ ಮೇಲೆ ಉಳಿಯುವುದು ರಾಗಿ ಕಾಳಿಗಿಂತ ಚಿಕ್ಕದಾದ ಒಂದು ಚಿನ್ನದ ಮಣಿ. ಅದನ್ನು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿಟ್ಟು ತೂಗಬೇಕು. ಉಸಿರು ತಾಗಿದರೂ ತಕ್ಕಡಿ ಅಲ್ಲಾಡಿಬಿಡುತ್ತದೆ. ಹೀಗಾಗಿ ಮಾಮನಿಗೆ ಉಸಿರು ಬಿಡುವ ಮೊದಲು, ಮಾತಾಡುವ ಮೊದಲು, ಮುಖವನ್ನು ಒಂದು ಕಡೆಗೆ ತಿರುಗಿಸುವ ಅಭ್ಯಾಸ. ಅವನ ಮದುವೆಯ ಫೋಟೋದಲ್ಲಿ ಅತ್ತೆ ಕ್ಯಾಮೆರಾ ನೋಡುತ್ತಿದ್ದಾರೆ. ಮಾಮ ಗೋಡೆ ನೋಡುತ್ತಿದ್ದಾನೆ. "ಫೋಟೋದೋನು ಸ್ಮೈಲ್ ಅಂದ. ನಗಬೇಕು ಅಂದ್ರೆ ಉಸಿರು ಬುಡಬೇಕಲ್ಲ" ಎಂದು ಅವನ ವಿವರಣೆ. ಎಷ್ಟು ಸಿಂಪಲ್!

ನಾನು ಬೂದಿಕೋಟೆಯ ಹುಡುಗಿ. ಕಾನ್ವೆಂಟಿನಲ್ಲಿ ಓದಲೆಂದು ನನ್ನನ್ನು ಮಾಮನ ಮನೆಯಲ್ಲಿ ಬಿಟ್ಟಿದ್ದರು. ಮಾಮ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಲೇ ಕಾನ್ವೆಂಟು" ಎಂದೇ ಕರೆಯುವುದು. ಜಗತ್ತಿನ ಸಕಲ ವಸ್ತುಗಳೂ ಅವನ ಲೆಕ್ಕದಲ್ಲಿ ನಾಲ್ಕೇ ಬಗೆ: ರಿಚ್, ಪೇಯಬಲ್ (ಅಂದರೆ ಅಗೆದ ಖರ್ಚು ಗಿಟ್ಟುವಂಥದ್ದು), ಲೋ ಗ್ರೇಡ್, ವೇಸ್ಟ್. ಅತ್ತೆಯ ಹುರುಳಿ ಸಾರು ರಿಚ್. ರಾಬರ್ಟ್‌ಸನ್‌ಪೇಟೆಯ ಹೋಟೆಲಿನ ದೋಸೆ ಲೋ ಗ್ರೇಡ್. ನನ್ನ ಮ್ಯಾಥ್ಸ್ ಮಾರ್ಕ್ಸು ವೇಸ್ಟ್. ನೇರವಾಗಿ ಡಂಪಿಗೆ ಸುರಿಯತಕ್ಕದ್ದು.

ಇಂಥ ಮನುಷ್ಯನಿಗೆ ಬೆಕ್ಕು ಗಂಟುಬಿದ್ದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಅಸ್ಸೇ ಆಫೀಸಿನ ದೊಡ್ಡ ಸಾಹೇಬರು ಆಂಗ್ಲೋ ಇಂಡಿಯನ್. ಅವರ ಹೆಂಡತಿಯೇ ದೊರೆಸಾನಿ. ನಮ್ಮ ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಮತ್ತು ಪಿಯಾನೋ ಕಲಿಸುತ್ತಿದ್ದರು. ಆಗ ಅವರ ಕಡೆಯವರೆಲ್ಲ ಒಬ್ಬೊಬ್ಬರಾಗಿ ಆಸ್ಟ್ರೇಲಿಯಾಕ್ಕೆ ಹೊರಡುತ್ತಿದ್ದ ಕಾಲ. ಇವರೂ ಹೊರಟರು. ಪಿಯಾನೋವನ್ನು ಯಾರೋ ಕೊಂಡರು, ಗುಲಾಬಿ ಕುಂಡಗಳನ್ನು ಯಾರೋ ಒಯ್ದರು. ಡ್ಯೂಕ್‌ನನ್ನು ಯಾರೂ ಬೇಕೆನ್ನಲಿಲ್ಲ.

ಡ್ಯೂಕ್ ಅವರ ಪರ್ಷಿಯನ್ ಬೆಕ್ಕು. ಮೈಯೆಲ್ಲ ಬಿಳಿ ಹತ್ತಿ. ಮುಖ ಮಾತ್ರ ಓಡಿಬಂದು ಗೋಡೆಗೆ ಡಿಕ್ಕಿ ಹೊಡೆದ ಹಾಗೆ ಚಪ್ಪಟೆ. ದೊರೆಸಾನಿ ಅತ್ತು ಅತ್ತು, ಕೊನೆಗೆ ಅದಕ್ಕೆ ಇಂಜೆಕ್ಷನ್ ಕೊಡಿಸಿ ಶಾಶ್ವತವಾಗಿ ಮಲಗಿಸಿಬಿಡುವುದೆಂದು ನಿರ್ಧರಿಸಿದ್ದರು. ಟ್ರಂಕುಗಳಿಗೆ ಹಗ್ಗ ಬಿಗಿಯಲೆಂದು ಹೋಗಿದ್ದ ಮಾಮ ಇದನ್ನು ಕೇಳಿ, ಹಗ್ಗವನ್ನು ಕೆಳಗಿಟ್ಟು, ಮುಖ ತಿರುಗಿಸಿ, "ಬುಡಿ ಮೇಡಂ. ನಾನ್ ಇಟ್ಕಂತೀನಿ" ಎಂದ. ಜೊತೆಯಲ್ಲಿ ಹೋಗಿದ್ದ ನಾನು ಕಣ್ಣಾರೆ ಕಂಡದ್ದು. ದೊರೆಸಾನಿ ಅವನ ಎರಡೂ ಕೈ ಹಿಡಿದುಕೊಂಡರು. "ಪ್ರಾಮಿಸ್ ಮಾಡು. ಡ್ಯೂಕ್ ಲೈನ್ ಉಳಿಸಬೇಕು. ಪ್ಯೂರ್ ಇರಬೇಕು. ಒಂದಿನ ನಾನು ಬಂದು ನೋಡ್ತೀನಿ" ಎಂದರು.

ಮಾಮ ಪ್ರಾಮಿಸ್ ಮಾಡಿದ. ಊರು ಬಿಡುವ ಸಂಕಟದಲ್ಲಿ ಹೆಂಗಸೊಬ್ಬಳು ಆಡಿದ ಮಾತು ಎಂದು ಬೇರೆ ಯಾರಾದರೂ ಮರುದಿನವೇ ಮರೆಯುತ್ತಿದ್ದರು. ಮಾಮ ಅದನ್ನು ಆಫೀಸ್ ಆರ್ಡರ್ ಎಂದು ತಿಳಿದ.

ಬೆಕ್ಕಿನ ಜೊತೆ ಒಂದು ಹಿತ್ತಾಳೆ ಬಾಚಣಿಗೆಯೂ, ಬೆಕ್ಕಿನ ತಳಿಗಳ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಚಿತ್ರಪುಸ್ತಕವೂ ಬಂದವು. ಸಂಜೆ ಅದನ್ನು ಓದಿ ಕನ್ನಡದಲ್ಲಿ ಹೇಳುವುದು ನನ್ನ ಡ್ಯೂಟಿ. ನನ್ನ ಕಾನ್ವೆಂಟ್ ಎಜುಕೇಶನ್ನಿನ ಮೊದಲ ಉಪಯೋಗ ಹೀಗಾಯಿತು. ಪರ್ಷಿಯನ್ ಬಹಳ ಶಾಂತ ಸ್ವಭಾವದ್ದು. ಗಲಾಟೆ, ಬದಲಾವಣೆ ಸೇರದು. ದಿನಾ ಬಾಚದಿದ್ದರೆ ಕೂದಲು ಗಂಟಾಗುತ್ತದೆ. ನೆಕ್ಕಿ ನುಂಗಿದ ಕೂದಲು ಹೊಟ್ಟೆಯಲ್ಲಿ ಉಂಡೆಯಾಗುತ್ತದೆ. ಮೂಗು ಗಿಡ್ಡವಾದ್ದರಿಂದ ಕಣ್ಣಲ್ಲಿ ಸದಾ ನೀರು, ಒರೆಸಬೇಕು. ಅದೇ ಮೂಗಿನ ದೆಸೆಯಿಂದ ಸೆಕೆಯಲ್ಲಿ ಉಸಿರಾಟ ಕಷ್ಟ. ವಯಸ್ಸಾದಾಗ ಕಿಡ್ನಿಯ ಮೇಲೆ ಕಣ್ಣಿಟ್ಟಿರಬೇಕು.

ಮಾಮ ಎಲ್ಲವನ್ನೂ ಪಾಲಿಸಿದ. ಏಪ್ರಿಲ್ ಬಂದರೆ ಮನೆಯ ಏಕಮಾತ್ರ ಟೇಬಲ್ ಫ್ಯಾನು ಡ್ಯೂಕ್ ಕಡೆಗೆ. ಅತ್ತೆ ಮೊರದಿಂದ ಗಾಳಿ ಬೀಸಿಕೊಳ್ಳುತ್ತ, "ಏನೂಂದ್ರೆ, ನಾನೇನು ಮನುಷ್ಯಳಲ್ವಾ?" ಎಂದರೆ,

"ನಿಂಗೇನೇ, ಮೂಗು ಉದ್ದ ಐತೆ. ಗಾಳಿ ತಾನಾಗೇ ಬತ್ತದೆ" ಎನ್ನುತ್ತಿದ್ದ.

ಅತ್ತೆಗೆ ಫ್ಯಾನಿನದಕ್ಕಿಂತ ಹೆಚ್ಚಿನ ಸಿಟ್ಟು ಹಾಲಿನ ವಿಷಯದಲ್ಲಿ. ಡ್ಯೂಕ್‌ಗೆ ಎಲ್ಲ ಬೆಕ್ಕುಗಳ ಹಾಗೆ ತಟ್ಟೆಗೆ ಬಾಯಿ ಹಾಕಿ ಕುಡಿಯಲು ಬರುತ್ತಿರಲಿಲ್ಲ. ಚಪ್ಪಟೆ ಮುಖ, ಬಾಯಿಗಿಂತ ಮೊದಲು ಮೂಗಿಗೇ ಹಾಲು ನುಗ್ಗಿ ಸೀನುತ್ತಿತ್ತು. ಆದ್ದರಿಂದ ಬಲಗೈಯನ್ನು ಹಾಲಿಗೆ ಅದ್ದಿ, ಎತ್ತಿ, ಗಂಭೀರವಾಗಿ ನೆಕ್ಕುತ್ತಿತ್ತು. ಮತ್ತೆ ಅದ್ದುವುದು, ಮತ್ತೆ ನೆಕ್ಕುವುದು. ಕುಡಿದು ಮುಗಿಸುವಷ್ಟರಲ್ಲಿ ಸುತ್ತ ನೆಲವೆಲ್ಲ ಹಾಲಿನ ಹೆಜ್ಜೆ. "ಹಾಲ್ಗೆ ಕೈ ಅದ್ದೋ ಜಾತಿ! ದಿನಾ ನೆಲ ಒರ್ಸೋದೇ ಆಯ್ತು ನನ್ನ ಬಾಳು!" ಎಂದು ಅತ್ತೆ ಕೂಗುತ್ತಿದ್ದರು. ಈ ಮಂಗಳಾರತಿ ಆ ಮನೆಯಲ್ಲಿ ದಿನಕ್ಕೆರಡು ಹೊತ್ತು ತಪ್ಪದೆ ನಡೆಯಿತು. ಎಷ್ಟು ವರ್ಷ ನಡೆಯಿತೆಂದರೆ, ನಾವು ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟೆವು.

ಲೈನ್ ಉಳಿಯಬೇಕೆಂದರೆ ಡ್ಯೂಕ್‌ಗೆ ಮದುವೆಯಾಗಬೇಕು. ಅದೂ ಪರ್ಷಿಯನ್ ಹೆಣ್ಣಿನ ಜೊತೆ. ಬಂಗಾರಪೇಟೆಯ ರೈಲ್ವೆ ಕಾಲೊನಿಯಲ್ಲಿ ಗಾರ್ಡ್ ಒಬ್ಬರ ಮನೆಯಲ್ಲಿ ಫಾರಿನ್ ಬೆಕ್ಕಿದೆ ಎಂದು ಸುದ್ದಿ ಬಂತು. ಮಾಮ ಡ್ಯೂಕ್‌ಗೆ ಬಾಚಿ, ಬಿದಿರು ಬುಟ್ಟಿಯಲ್ಲಿ ಕೂರಿಸಿ, ತಾನು ಇಸ್ತ್ರಿ ಮಾಡಿದ ಷರಟು ತೊಟ್ಟು, ಪುಸ್ತಕ ಸಮೇತ ನನ್ನನ್ನೂ ಹೊರಡಿಸಿದ. ಅತ್ತೆಯೂ ಬಂದರು. ಹೆಣ್ಣು ನೋಡುವುದಕ್ಕೆ ಹೆಂಗಸರಿಲ್ಲದೆ ಹೋಗುತ್ತಾರೆಯೇ?

ಗಾರ್ಡಿನ ಹೆಂಡತಿ ಬೋಂಡಾ ಕೊಟ್ಟರು. ಆಮೇಲೆ ಹೆಣ್ಣನ್ನು ಕರೆತಂದರು. ತೆಳ್ಳನೆಯ ಮೈ, ಕಪ್ಪು ಮೂತಿ, ನೀಲಿ ಕಣ್ಣು. ಅದು ಒಳಗೆ ಬಂದಾಗ ಶುರು ಮಾಡಿದ ಕೂಗನ್ನು ನಾವು ಎದ್ದು ಹೊರಡುವವರೆಗೂ ನಿಲ್ಲಿಸಲಿಲ್ಲ. ನಾನು ಪುಟ ತಿರುವಿದೆ. "ಮಾಮ, ಇದು ಪರ್ಷಿಯನ್ ಅಲ್ಲ, ಸಯಾಮೀಸ್. ತುಂಬಾ ಬುದ್ಧಿವಂತ ಜಾತಿ. ಮನುಷ್ಯರ ಜೊತೆ ಸದಾ ಮಾತಾಡುತ್ತಿರುತ್ತದೆ. ಒಂಟಿಯಾಗಿ ಬಿಟ್ಟರೆ ಕೊರಗುತ್ತದೆ. ಕೆಲವಕ್ಕೆ ಮೆಳ್ಳೆಗಣ್ಣು ಇರುತ್ತದೆ."

ಮಾಮ ಪಕ್ಕಕ್ಕೆ ತಿರುಗಿ, "ಮಾತು ಜಾಸ್ತಿ. ಬ್ಯಾಡ" ಎಂದ.

ಅತ್ತೆ ಬೋಂಡಾ ಕೆಳಗಿಟ್ಟರು. "ನನ್ನ ನೋಡಾಕ್ ಬಂದಾಗ ಈ ಬುದ್ಧಿ ಎಲ್ಲೋಗಿತ್ತು?"

"ಆವಾಗ ಪುಸ್ತಕ ಇರ್ಲಿಲ್ಲ ಕಣೇ."

ಅಂದಿನಿಂದ ಮಾಮ ಪುಸ್ತಕವನ್ನು ಮನುಷ್ಯರಿಗೂ ಅನ್ವಯಿಸತೊಡಗಿದ. ಅತ್ತೆ ಸಯಾಮೀಸ್, ಅದರಲ್ಲಿ ಎರಡನೇ ಮಾತೇ ಇಲ್ಲ. ನಾನು ಅಬಿಸೀನಿಯನ್: ಕುಳಿತಲ್ಲಿ ಕೂರುವುದಿಲ್ಲ, ಎಲ್ಲದಕ್ಕೂ ಮೂಗು ತೂರಿಸುತ್ತೇನೆ, ಒಸಡು ವೀಕು. "ಮತ್ತೆ ನೀನು?" ಎಂದರೆ ಬ್ರಿಟಿಷ್ ಷಾರ್ಟ್‌ಹೇರ್ ಪುಟ ತೋರಿಸುತ್ತಿದ್ದ: ಘನತೆಯುಳ್ಳದ್ದು, ಎತ್ತಿಕೊಂಡರೆ ಇಷ್ಟಪಡುವುದಿಲ್ಲ, ತೂಕ ಹೆಚ್ಚದಂತೆ ನೋಡಿಕೊಳ್ಳಬೇಕು. ಮಾಮನನ್ನು ಯಾರೂ ಎತ್ತಿಕೊಳ್ಳಲು ಪ್ರಯತ್ನಿಸಿರಲಿಲ್ಲ. ಆದ್ದರಿಂದ ಎರಡನೆಯ ಪಾಯಿಂಟು ಕೊನೆಯವರೆಗೂ ಪ್ರೂವ್ ಆಗಲಿಲ್ಲ.

ಈ ನಡುವೆ ಡ್ಯೂಕ್ ಏನು ಮಾಡುತ್ತಿದ್ದ? ಶಾಂತ ಸ್ವಭಾವದ, ಬದಲಾವಣೆ ಸೇರದ, ಉಸಿರಾಟದ ತೊಂದರೆಯುಳ್ಳ ಡ್ಯೂಕ್ ನಮ್ಮ ಯಾರನ್ನೂ ಕೇಳದೆ ರಾಬರ್ಟ್‌ಸನ್‌ಪೇಟೆಯ ಒಣ ಕರಿಮೀನು ಅಂಗಡಿಯ ಹಿಂದಿನ ಪಟ್ಟೆ ಬೆಕ್ಕಿನೊಡನೆ ಸಂಸಾರ ಹೂಡಿದ್ದ! ಅದು ನಮ್ಮ ಹಿತ್ತಲಿಗೇ ಬಂದು ಸೌದೆಯ ಮರೆಯಲ್ಲಿ ಮರಿ ಹಾಕಿದಾಗಲೇ ವಿಷಯ ಬಯಲಾದದ್ದು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಂಗಾರಪೇಟೆ ಸಂಬಂಧ ಬ್ಯಾಡ ಅಂದ್ರಲ್ಲ, ಮೀನಂಗಡಿ ಸಂಬಂಧ ಬಂತು. ತಗಳಿ, ತೊಟ್ಲು ಕಟ್ಟಿ."

ಮಾಮ ನಗಲಿಲ್ಲ. "ಡೈಲ್ಯೂಷನ್" ಎಂದಷ್ಟೇ ಹೇಳಿ ಬಾಚಣಿಗೆ ತಂದ.

ಅಲ್ಲಿಂದ ಶುರುವಾಯಿತು ಬೆಕ್ಕಿನ ಅಸ್ಸೇ. ಮರಿ ಸ್ವಲ್ಪ ದೊಡ್ಡದಾದ ಕೂಡಲೇ ಅದರ ಮೈ ಬಾಚಿ ಕೂದಲು ತೆಗೆಯುವುದು. ಕೂದಲನ್ನು ಪೇಪರಿನ ಮೇಲೆ ಗುಡ್ಡೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಕಿ, ಉಳಿದದ್ದನ್ನು ಕಲೆಸಿ ಮತ್ತೆ ನಾಲ್ಕು ಪಾಲು. ಗಣಿಯ ಕಲ್ಲಿನ ಪುಡಿಗೂ ಹೀಗೆಯೇ ಮಾಡುತ್ತಾರಂತೆ. ಕೊನೆಗುಳಿದ ಕೂದಲನ್ನು ಬೆರಳುಗಳ ನಡುವೆ ಹೊಸೆದು ಮಣಿ ಮಾಡಿ, ಅಂಗೈಯಲ್ಲಿಟ್ಟು, ಉಸಿರು ಹಿಡಿದು ತೂಗುವುದು. ಆಮೇಲೆ ಕೂದಲಿನ ಉದ್ದ, ಮೂಗಿನ ಎತ್ತರ. ಬಳಿಕ ಫಲಿತಾಂಶ: "ಟನ್ನಿಗೆ ಎಂಟು ಗ್ರಾಂ ಪರ್ಷಿಯನ್. ಪೇಯಬಲ್."

"ಟನ್ನಿನಷ್ಟು ಬೆಕ್ಕನ್ನ ಎಲ್ಲಿಂದ ತರ್ತೀ ಮಾಮ?" ಎಂದು ನಾನು ಕೇಳಿದೆ.

"ಅದು ಮೈನಿಂಗ್ ಡಿಪಾರ್ಟ್‌ಮೆಂಟಿನ ತಲೆನೋವು. ನಮ್ದು ಬರೀ ಅಸ್ಸೇ."

ರೂಲ್ಸು ಸ್ಪಷ್ಟವಾಗಿತ್ತು. ಪೇಯಬಲ್ ಆದದ್ದು ಮನೆಯಲ್ಲಿರುತ್ತದೆ. ವೇಸ್ಟ್ ಆದದ್ದನ್ನು ಬುಟ್ಟಿಯಲ್ಲಿ ಹಾಕಿ ಬಂಗಾರಪೇಟೆಯ ಗೂಡ್ಸ್ ಷೆಡ್ ಹತ್ತಿರ ಬಿಟ್ಟುಬರುವುದು. ಅಲ್ಲಿ ಇಲಿಗಳಿಗೆ ಬರವಿಲ್ಲ. ಅತ್ತೆ ಪ್ರತಿ ಅಸ್ಸೇ ದಿನ ಬುಟ್ಟಿ ಹಿಡಿದು ಬಾಗಿಲಲ್ಲಿ ಸಿದ್ಧವಾಗಿ ನಿಲ್ಲುತ್ತಿದ್ದರು. ಆದರೆ ಯಾವ ಮರಿ ಫೇಲಾದರೂ ಮಾಮನಿಗೆ ಆ ಸ್ಯಾಂಪಲ್ಲಿನ ಮೇಲೇ ಅನುಮಾನ. "ಇವತ್ತು ಮೋಡ ಐತೆ, ಕೂದಲು ತೇವ ಆಗೈತೆ." "ಬಾಚಿದ್ದು ಎಡಗಡೆ. ರಿಚ್ ಇರೋದು ಬಲಗಡೆ." ರೀ-ಟೆಸ್ಟ್! ರೀ-ಟೆಸ್ಟಿನ ವೇಳೆಗೆ ಮರಿ ಬೆಳೆದು, ಅದಕ್ಕೂ ಮರಿಯಾಗಿರುತ್ತಿತ್ತು. ಹೀಗಾಗಿ ಯಾವ ಬೆಕ್ಕಿಗೂ ಪ್ರತ್ಯೇಕ ಹೆಸರು ಬರಲಿಲ್ಲ. ಎಲ್ಲದರ ಹೆಸರೂ ಸ್ಯಾಂಪಲ್. ಅಂಗಳದಲ್ಲಿ ನಿಂತು "ಸ್ಯಾಂಪಲ್" ಎಂದು ಕೂಗಿದರೆ ಸಾಕು, ಸೂರಿನಿಂದ, ಸೌದೆಯಿಂದ, ಅತ್ತೆಯ ಟ್ರಂಕಿನಿಂದ ಬೆಕ್ಕುಗಳು ಉದುರುತ್ತಿದ್ದವು.

ಆ ಬುಟ್ಟಿ ಒಮ್ಮೆ ಮಾತ್ರ ಬಂಗಾರಪೇಟೆಗೆ ಹೋಯಿತು. ಮೊದಲು ಜಾಗ ಹೇಗಿದೆಯೋ ನೋಡೋಣವೆಂದು ಮಾಮ ಒಯ್ದ ಬುಟ್ಟಿ ಖಾಲಿ ಹೋಗಿ, ತುಂಬಿ ಬಂತು. ಗೂಡ್ಸ್ ಷೆಡ್ಡಿನಲ್ಲಿ ಬಾಲವಿಲ್ಲದ ಬೆಕ್ಕೊಂದನ್ನು ಕಂಡ ಮಾಮ, ಪುಸ್ತಕದಲ್ಲಿದ್ದ ಮ್ಯಾಂಕ್ಸ್ ತಳಿಯೇ ಇದೆಂದು ಎತ್ತಿಕೊಂಡು ಬಂದಿದ್ದ. ಪರ್ಷಿಯನ್ ಸಿಗದಿದ್ದರೆ ಬೇಡ, ವಂಶಕ್ಕೆ ಇನ್ನೊಂದು ಪೆಡಿಗ್ರಿಯಾದರೂ ಸೇರಲಿ! ಮ್ಯಾಂಕ್ಸ್‌ಗೆ ಬೆನ್ನುಮೂಳೆಯ ತೊಂದರೆ ಬರಬಹುದೆಂದು ಪುಸ್ತಕ ಹೇಳಿತ್ತು. ದಿನಾ ಬೆನ್ನಿಗೆ ಹರಳೆಣ್ಣೆ ತಿಕ್ಕಿದ. ಮೂರು ತಿಂಗಳಾದ ಮೇಲೆ ಅದು ಹಾಕಿದ ಮರಿಗಳಿಗೆಲ್ಲ ಸೊಗಸಾದ ಉದ್ದ ಬಾಲ. ಅದರ ಬಾಲವನ್ನು ಕತ್ತರಿಸಿದ್ದು ಷಂಟಿಂಗ್ ಮಾಡುತ್ತಿದ್ದ ವ್ಯಾಗನ್ ಎಂದು ಆಮೇಲೆ ತಿಳಿಯಿತು. ಮಾಮ ಒಂದೊಂದೇ ಬಾಲವನ್ನು ಅಳೆದು ಡ್ಯೂಟಿಗೆ ಹೋದ.

ಡ್ಯೂಕ್ ಮುದಿಯಾಗಿ ತೀರಿಕೊಂಡ. ಪುಸ್ತಕ ಹೇಳಿದಂತೆ ಕಿಡ್ನಿ. ಕೊನೆಯ ದಿನಗಳಲ್ಲಿ ಬಹಳ ಬಾಯಾರಿಕೆ. ಎದ್ದು ತಟ್ಟೆಯವರೆಗೆ ಹೋಗುವ ಶಕ್ತಿಯಿಲ್ಲ. ಬೆಕ್ಕೆಂದರೆ ಆಗದ ಮಾಮ, ರಜೆ ಹಾಕಿ, ನೀರಿನ ತಟ್ಟೆಯನ್ನು ಅದರ ಕೈಗೆ ಎಟುಕುವಷ್ಟು ಎತ್ತರದಲ್ಲಿ ಹಿಡಿದುಕೊಂಡು ಕೂತಿರುತ್ತಿದ್ದ. ಆಮೇಲೆ ಸೀಬೆ ಮರದ ಕೆಳಗೆ ಹೂತ. ಹೂತು ಬಂದವನೇ ಮನೆಯಲ್ಲಿದ್ದ ಬೆಕ್ಕುಗಳನ್ನೆಲ್ಲ ಹಿಡಿದು ಬಾಚಿದ. ಎಲ್ಲಿ ಎಷ್ಟು ಉಳಿದಿದೆ ಎಂದು ನೋಡಬೇಕಲ್ಲ!

ಇಳಿಯತೊಡಗಿದ್ದು ಆಮೇಲೆ. ಎಂಟು ಗ್ರಾಮಿದ್ದದ್ದು ಐದಾಯಿತು, ಮೂರಾಯಿತು. ಅತ್ತ ಗಣಿಯಲ್ಲೂ ಅದೇ ಕಥೆ. ಆಳಕ್ಕೆ ಹೋದಷ್ಟೂ ಕಲ್ಲು ಬಡವಾಗುತ್ತಿತ್ತು. ಆಫೀಸಿನಲ್ಲಿ ಪೇಯಬಲ್ ಮಟ್ಟ ಇಳಿಸಿದಾಗಲೆಲ್ಲ ಮಾಮ ಮನೆಯಲ್ಲೂ ಇಳಿಸಿದ. ನಾನು ಮದುವೆಯಾಗಿ ರಾಬರ್ಟ್‌ಸನ್‌ಪೇಟೆಗೆ ಹೋದೆ, ನಾನು ಕಲಿತ ಕಾನ್ವೆಂಟಿನಲ್ಲೇ ಟೀಚರಾದೆ. ಮಾಮ ರಿಟೈರಾದ. ಬೆಕ್ಕುಗಳು ಕೆಲವು ಮುದಿಯಾಗಿ ಸತ್ತು, ಕೆಲವು ಮನೆ ಬಿಟ್ಟು, ಕೊನೆಗೆ ಉಳಿದದ್ದು ಒಂದೇ ಸ್ಯಾಂಪಲ್: ಬೂದು ಮೈ, ಪಟ್ಟೆ ಬಾಲ, ಗಿಡ್ಡ ಕೂದಲು, ಪೋಸ್ಟ್ ಬಾಕ್ಸಿನೊಳಗೆ ಇಣುಕಬಹುದಾದಷ್ಟು ಉದ್ದ ಮೂಗು. ಅದನ್ನು ಮಾಮ ಅಸ್ಸೇ ಮಾಡಲೇ ಇಲ್ಲ. ನಾನು ಕೇಳಿದರೆ, "ಬಾಚಣಿಗೆ ಹಲ್ಲು ಮುರ್ದೋಗೈತೆ" ಎಂದ. ಹಲ್ಲೆಲ್ಲ ನೆಟ್ಟಗೇ ಇದ್ದವು.

ತೊಂಬತ್ತರ ದಶಕದ ಶುರುವಿನಲ್ಲಿ ಒಂದು ದಿನ ಕಾನ್ವೆಂಟಿನ ಮದರ್ ನನ್ನನ್ನು ಕರೆದು, ಹಳೆಯ ದೊರೆಸಾನಿ ಆಸ್ಟ್ರೇಲಿಯಾದಿಂದ ಬಂದಿದ್ದಾರೆ, ನಾಳೆ ನಿಮ್ಮ ಮಾಮನನ್ನು ನೋಡಬೇಕಂತೆ ಎಂದರು. ನಾನು ಖುಷಿಯಿಂದ ಓಡಿಹೋಗಿ ಹೇಳಿದೆ. ಮಾಮ ಕುರ್ಚಿಯಲ್ಲಿ ಕುಸಿದ. ಕುರ್ಚಿಯಲ್ಲಿ ಆಗಲೇ ಸ್ಯಾಂಪಲ್ ಇತ್ತು. ಇಬ್ಬರೂ ಒಟ್ಟಿಗೆ ಎದ್ದರು.

"ಅವ್ರು ಲೈನ್ ನೋಡಕ್ ಬತ್ತಾರೆ ಕಣೇ. ಏನ್ ತೋರಿಸ್ಲಿ?"

ಅತ್ತೆಗೆ ಅದೊಂದು ಸಮಸ್ಯೆಯೇ ಅಲ್ಲ. "ಯಾರ್ ಮನೇದಾದ್ರೂ ಬಿಳೀ ಬೆಕ್ಕು ತಂದು ಮಡೀಲಿಟ್ಬುಡಿ. ವಯಸ್ಸಾದ ಯಮ್ಮ, ಏನ್ ಗೊತ್ತಾತದೆ?"

"ಸರ್ವೀಸಿನಾಗೇ ಸುಳ್ಳು ರಿಪೋರ್ಟು ಕೊಟ್ಟೋನಲ್ಲ ನಾನು" ಎಂದ ಮಾಮ. ಹಾಗೆಂದವನು ಮರುದಿನ ಬೆಳಿಗ್ಗೆ ಸ್ಯಾಂಪಲ್‌ಗೆ ಸ್ನಾನ ಮಾಡಿಸಿ, ಬಾಚಿ, ಮೈತುಂಬ ಟಾಲ್ಕಂ ಪೌಡರ್ ಹಾಕಿದ್ದ. ಅದು ಹಿಟ್ಟಿನ ಗಿರಣಿಯಿಂದ ಬಂದಂತೆ ಕಾಣುತ್ತಿತ್ತು. ನಾನು ನೋಡಿದ್ದೇ ತಡ, ಮಾಮ ತಲೆ ತಗ್ಗಿಸಿ, ಒದ್ದೆ ಟವೆಲಿನಿಂದ ಪೌಡರನ್ನೆಲ್ಲ ತಾನೇ ಒರೆಸಿ ತೆಗೆದ.

ದೊರೆಸಾನಿ ಕೋಲೂರಿಕೊಂಡು ಬಂದರು. ಎಷ್ಟು ಸಣ್ಣಗಾಗಿದ್ದರು! ಬಿಳಿ ತಲೆ, ದಪ್ಪ ಕನ್ನಡಕ. ಗಂಡ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಮಾಮ ಹಳೆಯ ಆಫೀಸ್ ಕೋಟು ತೊಟ್ಟು, ಸಾಹೇಬರ ಮುಂದೆ ನಿಲ್ಲುವ ಹಾಗೆ ನಿಂತ. ಕುಶಲ ಕೇಳಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಟ್ಟು, ಈ ಕಡೆ ತಿರುಗಿ ಹೇಳಿದ:

"ಮೇಡಂ, ನಿಲ್. ಇರೋದು ಇದೊಂದೇ. ಇದ್ರಾಗೆ ಡ್ಯೂಕ್‌ದು ಏನೂ ಉಳ್ದಿಲ್ಲ. ಮಾತು ಉಳಿಸ್ಕಳಕ್ಕೆ ಆಗ್ಲಿಲ್ಲ."

ಇಷ್ಟು ವರ್ಷದ ಮೇಲೆ ಮಾಮನ ಕನ್ನಡ ಅವರಿಗೆ ಪೂರ್ತಿ ಹತ್ತದೇನೋ ಎಂದು ನಾನು ಇಂಗ್ಲಿಷಿನಲ್ಲೂ ಹೇಳಿದೆ. ದೊರೆಸಾನಿ ಸ್ಯಾಂಪಲ್ ಕಡೆ ನೋಡಿದರು. ಅದು ಒದ್ದೆ ಮೈಯಲ್ಲಿ ಇಲಿಯ ಹಾಗೆ ಕುಳಿತಿತ್ತು.

ಅಷ್ಟರಲ್ಲಿ ಅತ್ತೆ ಟೀ ತಂದರು. ದೊರೆಸಾನಿ ಅದನ್ನು ಆರಿಸಲೆಂದು ಸಾಸರಿಗೆ ಸುರಿದು, ಪಕ್ಕದ ಸ್ಟೂಲಿನ ಮೇಲಿಟ್ಟರು. ಸ್ಯಾಂಪಲ್ ಎದ್ದಿತು. ಮೈ ಮುರಿಯಿತು. ಸ್ಟೂಲಿನ ಮೇಲೆ ಹಾರಿ ಸಾಸರಿನ ಮುಂದೆ ಕುಳಿತು, ಬಲಗೈಯನ್ನು ಟೀಗೆ ಅದ್ದಿ, ಎತ್ತಿ, ಗಂಭೀರವಾಗಿ ನೆಕ್ಕಿತು. ಮತ್ತೆ ಅದ್ದಿತು.

"ಅಯ್ಯಯ್ಯೋ! ಯಮ್ಮನ್ ಟೀಗೇ ಕೈ ಇಕ್ತಲ್ರೀ! ಓಡ್ಸಿ ಅದ್ನ!" ಎಂದು ಅತ್ತೆ ಕೂಗಿದರು.

ಯಾರೂ ಅಲುಗಾಡಲಿಲ್ಲ. ದೊರೆಸಾನಿ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. "ಡ್ಯೂಕ್" ಎಂದರು. ಇನ್ನೊಂದು ಸಲ, ಮೆಲ್ಲಗೆ, "ಓ ಡ್ಯೂಕ್."

ಇಷ್ಟುದ್ದ ಮೂಗಿರುವ ಬೆಕ್ಕು ಕೈ ಅದ್ದಿ ಏಕೆ ಕುಡಿಯಬೇಕು? ಬಾಯಿ ಹಾಕಿದರೆ ಸಲೀಸಾಗಿ ಕುಡಿಯಬಹುದು. ಆದರೆ ಅದರ ತಾಯಿ ಹೀಗೆ ಕುಡಿಯುತ್ತಿತ್ತು. ತಾಯಿಯ ತಾಯಿ ಹೀಗೆ ಕುಡಿಯುತ್ತಿತ್ತು. ಸೌದೆಯ ಮರೆಯಲ್ಲಿ ಹುಟ್ಟಿದ ಮೊದಲ ಮರಿಗಳು ಡ್ಯೂಕ್ ಕುಡಿಯುವುದನ್ನು ನೋಡಿ, ಹಾಲು ಕುಡಿಯುವುದೆಂದರೆ ಹೀಗೆಯೇ ಎಂದು ಕಲಿತಿದ್ದವು. ಆ ಮನೆಯ ಬೆಕ್ಕುಗಳೆಲ್ಲ ನಮ್ಮ ಕಣ್ಣೆದುರೇ ಹೀಗೆ ಕುಡಿದಿದ್ದವು. ಮಾಮ ಕೂದಲು ತೂಗುತ್ತಿದ್ದ, ನಾನು ಪುಸ್ತಕ ಓದುತ್ತಿದ್ದೆ.

ದೊರೆಸಾನಿ ಆ ಸಾಸರನ್ನು ಅದಕ್ಕೇ ಬಿಟ್ಟು ಬೇರೆ ಟೀ ಕೇಳಿದರು. ಹೊರಡುವಾಗ ಮತ್ತೆ ಮಾಮನ ಎರಡೂ ಕೈ ಹಿಡಿದುಕೊಂಡು, "ಥ್ಯಾಂಕ್ ಯೂ. ಇಷ್ಟು ದಿನ ಇಟ್ಟುಕೊಂಡೆ" ಎಂದರು. ಅವರ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಮಾಮ ಗೇಟಿನಲ್ಲಿ ನಿಂತಿದ್ದ. ಆಮೇಲೆ ಪಕ್ಕಕ್ಕೆ ತಿರುಗಿ, ಯಾರಿಗೂ ಅಲ್ಲದ ಹಾಗೆ, "ಪೇಯಬಲ್" ಎಂದ.

"ಏನ್ ಪೇಯಬಲ್ಲೋ ಏನೋ!" ಅತ್ತೆ ನೆಲ ಒರೆಸುತ್ತಿದ್ದರು. "ಹಾಲ್ಗೆ ಕೈ ಅದ್ದೋ ಜಾತಿ ಅಂತ ಇಪ್ಪತ್ತೊರ್ಸದಿಂದ ಬಡ್ಕಂತಾ ಇವ್ನಿ. ನನ್ನ ಮಾತು ಯಾರ್ ಕೇಳ್ತಾರೆ? ನಾನು ಸಯಾಮೀಸು!"

ಮಾಮ ಹೋದದ್ದು ಅದಾದ ಕೆಲವು ವರ್ಷಗಳಿಗೆ. ಕುಲುಮೆಯ ಹೊಗೆ ಕುಡಿದ ಎದೆ. ಕೊನೆಗೆ ಚಮಚದಲ್ಲಿ ಹಾಲು ಹಾಕಿದರೂ ಉಬ್ಬಸ ಬಂದು ಹೊರಗೆ ಬರುತ್ತಿತ್ತು. ಬೇಸಿಗೆಯ ಮಧ್ಯಾಹ್ನ. ಟೇಬಲ್ ಫ್ಯಾನು ಅವನ ಕಡೆಗಿತ್ತು. ಮುದಿ ಸ್ಯಾಂಪಲ್ ಮಂಚದ ಕಾಲ ಬಳಿ ಕುಳಿತು ನೋಡುತ್ತಿತ್ತು. ಅತ್ತೆ ಚಮಚವನ್ನು ಪಕ್ಕಕ್ಕಿಟ್ಟು, ತಮ್ಮ ಬಲಗೈ ಬೆರಳನ್ನು ಹಾಲಿಗೆ ಅದ್ದಿ, ಅವನ ತುಟಿಗೆ ಮುಟ್ಟಿಸಿದರು. ಮಾಮ ಚೀಪಿದ. ಮತ್ತೆ ಅದ್ದಿದರು, ಮತ್ತೆ ಚೀಪಿದ. ಅತ್ತೆ ನನ್ನ ಕಡೆ ನೋಡದೆ, "ಕಡೀಗೆ ನಾನೂ ಅದೇ ಜಾತಿಗೆ ಸೇರ್ಕಂಡೆ ಕಣಮ್ಮಿ" ಎಂದರು. ಮಾಮನ ಕಣ್ಣಿನ ಮೂಲೆಯಲ್ಲಿ ನೀರಿತ್ತು. ಅವನು ಡ್ಯೂಕ್‌ಗೆ ಒರೆಸುತ್ತಿದ್ದ ಹಾಗೆಯೇ ಅತ್ತೆ ಸೆರಗಿನ ತುದಿಯಿಂದ ಅದನ್ನು ಒರೆಸಿದರು.

ಅವನು ಏನೋ ಹೇಳಲು ಹೊರಟ. ಎಂದಿನಂತೆ ಮೊದಲು ಮುಖವನ್ನು ಪಕ್ಕಕ್ಕೆ ತಿರುಗಿಸಿದ, ಉಸಿರು ಬಿಟ್ಟ. ಇನ್ನೇನು ಈ ಕಡೆ ತಿರುಗಿ ಹೇಳುತ್ತಾನೆಂದು ನಾವಿಬ್ಬರೂ ಬಹಳ ಹೊತ್ತು ಕಾಯುತ್ತ ಕುಳಿತಿದ್ದೆವು.